ಖಾಲಿ ಸಾರಿನ ಲೆಕ್ಕ

ಹಳೆಯ ಹೋಟೆಲುಗಳಲ್ಲಿ ಗಲ್ಲಾದ ಹಿಂದಿನ ಗೋಡೆಯ ಮೇಲೆ ಒಂದು ಬೋರ್ಡು ಇರುತ್ತಿತ್ತು: ‘ನಮಗೆ ಬೇರೆಲ್ಲೂ ಶಾಖೆಗಳಿಲ್ಲ’. ಅದರಲ್ಲಿ ಗಿರಾಕಿಗೆ ಎಚ್ಚರಿಕೆಯೂ ಇತ್ತು, ಮಾಲೀಕರ ಹೆಮ್ಮೆಯೂ ಇತ್ತು. ಈ ಕೈರುಚಿ ಬೇಕಿದ್ದರೆ ನೀವು ಇಲ್ಲಿಗೇ ಬರಬೇಕು ಎಂಬ ಮಾತನ್ನು ಅದು ಮೆತ್ತಗೆ ಹೇಳುತ್ತಿತ್ತು. ಕಳೆದ ಕೆಲವು ವರ್ಷಗಳಲ್ಲಿ ಆ ಹೆಮ್ಮೆ ಪಕ್ಕ ಬದಲಿಸಿದೆ. ಈಗ ಶಾಖೆಗಳ ಪಟ್ಟಿಯನ್ನು ಬಾಗಿಲ ಮೇಲೆಯೇ ಬರೆಸುತ್ತಾರೆ. ಶಾಖೆಯಿಲ್ಲದ ಹೋಟೆಲು ಏನೋ ಸೋತ ಹೋಟೆಲು ಎಂಬಂತೆ ಜನ ನೋಡುತ್ತಾರೆ.

ಒಂದು ಕಥಾಸಂಕಲನ ಬಂದರೆ ವಿಮರ್ಶೆ ಬರೆಯುತ್ತೇವೆ, ನಾಟಕ ನೋಡಿ ಬಂದರೆ ಚರ್ಚೆ ಮಾಡುತ್ತೇವೆ. ಆದರೆ ಊರಿನ ನೂರಾರು ಜನ ದಿನವೂ ಹೋಗಿ ಕೂರುವ ಹೋಟೆಲಿನ ಬಗ್ಗೆ ವಿಮರ್ಶೆ ಎಂಬುದು ಕನ್ನಡದಲ್ಲಿ ಅಷ್ಟಾಗಿ ಬೆಳೆಯಲಿಲ್ಲ. ಬಂದರೂ ರುಚಿ, ಶುಚಿ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಒಂದು ಹೋಟೆಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ಅತಿ ಕಡಿಮೆ ದುಡ್ಡಿರುವವನು ಅಲ್ಲಿ ಏನು ಕೇಳಬಹುದು, ಯಾರು ಒಳಗೆ ಬರದೆ ಹೊರಗೇ ನಿಂತು ಪಾರ್ಸಲ್ ಒಯ್ಯುತ್ತಾರೆ ಎಂಬುದೂ ಊಟದ ಭಾಗವೇ. ನಮ್ಮ ಸೀಮೆಯ ಒಂದು ಮಿಲಿಟರಿ ಹೋಟೆಲು ಹೆದ್ದಾರಿಯ ಬದಿಗೆ ಹೊಸ ಶಾಖೆ ತೆರೆದಿದೆ. ಅಲ್ಲಿಗೆ ಹೋಗಿ ಉಂಡು ಬಂದ ಮೇಲೆ ಈ ಪ್ರಶ್ನೆಗಳು ನಮ್ಮನ್ನು ಬಿಡಲಿಲ್ಲ. ಹೋಟೆಲಿನ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಇದು ಒಬ್ಬ ಮಾಲೀಕರ ಮೇಲಿನ ದೂರಾಗಿಬಿಡುತ್ತದೆ. ನಾವು ಹೇಳಹೊರಟ ಸಂಗತಿ ಹಲವು ಹೋಟೆಲುಗಳಿಗೆ ಸೇರಿದ್ದು.

ಮೊದಲು ಸೀಮೆಯ ಮಾತು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಜಯಮಂಗಲಿ ನದಿ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೇಲೆ ಹಾದು ಪಿನಾಕಿನಿಯನ್ನು ಸೇರುತ್ತದೆ ಎಂದು ಭೂಪಟ ಹೇಳುತ್ತದೆ. ಕಣ್ಣಿಗೆ ಹೆಚ್ಚಾಗಿ ಮರಳೇ ಕಾಣುತ್ತದೆ. ಇದು ರಾಗಿ, ಕಡಲೆಕಾಯಿ, ಹುಣಸೆ, ಕುರಿ ಇವುಗಳ ನೆಲ. ಪಾವಗಡವಂತೂ ಮೂರು ದಿಕ್ಕಿನಲ್ಲಿ ಆಂಧ್ರವನ್ನು ಹೊದ್ದುಕೊಂಡಿದೆ. ಅಲ್ಲಿ ಮನೆಮಾತು ತೆಲುಗು, ಕಚೇರಿ ಮಾತು ಕನ್ನಡ, ಸಾಬರ ಓಣಿಯಲ್ಲಿ ದಖ್ನಿ. ಈ ಮೂರು ಮಾತಿನವರೂ ಒಪ್ಪಿಕೊಂಡ ಊಟ ಒಂದೇ: ಮುದ್ದೆ ಮತ್ತು ಕುರಿಮಾಂಸದ ಸಾರು. ನಮ್ಮ ಕಡೆ ಮುದ್ದೆಯನ್ನು ಹಿಟ್ಟು ಎಂದೇ ಕರೆಯುತ್ತಾರೆ. ‘ಹಿಟ್ಟು ಉಂಡ್ಯಾ?’ ಎಂದು ಕೇಳಿದರೆ ಊಟವಾಯಿತೇ ಎಂದರ್ಥ.

ಜಮೀನಿನ ತಕರಾರು ಇದ್ದವರು ಪಾವಗಡದಿಂದಲೂ ಶಿರಾದಿಂದಲೂ ಕಾಗದಪತ್ರದ ಕೈಚೀಲ ಹಿಡಿದು ಮಧುಗಿರಿಯ ಎ.ಸಿ. ಕಚೇರಿಗೆ ಬರಬೇಕು. ಬೆಳಿಗ್ಗೆ ಬಂದವರ ಕೆಲಸ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಆ ಮಧ್ಯಾಹ್ನದ ಹಸಿವಿನ ಮೇಲೆ ನಿಂತ ಹೋಟೆಲು ಇದು. ತಗಡಿನ ಮಾಡು, ಉದ್ದನೆಯ ಬೆಂಚು, ಹೊಗೆ ಹಿಡಿದ ಗೋಡೆ. ವಕೀಲರು, ಅವರ ಕಕ್ಷಿಗಾರರು, ಎದುರು ಪಾರ್ಟಿಯವರು, ಗ್ರಾಮಲೆಕ್ಕಿಗರು, ಲಾರಿ ಕ್ಲೀನರುಗಳು, ಕುರಿ ಮಾರಿ ಬಂದವರು, ಹಮಾಲರು ಎಲ್ಲರೂ ಒಂದೇ ಬೆಂಚಿನ ಮೇಲೆ. ಕೋರ್ಟಿನಲ್ಲಿ ಎದುರಾಳಿಗಳಾದ ಅಣ್ಣತಮ್ಮಂದಿರು ಇಲ್ಲಿ ಅಕ್ಕಪಕ್ಕ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಹಂಡೆಯ ಸಾರು ಉಂಡು ಎದ್ದದ್ದನ್ನು ನಾವೇ ಕಂಡಿದ್ದೇವೆ.

ಈ ಹೋಟೆಲಿನಲ್ಲಿ ಪಟ್ಟಿ ಎಂಬುದಿರಲಿಲ್ಲ. ಸಪ್ಲೈಯರ್ ಬಾಯಲ್ಲಿ ಹೇಳುತ್ತಿದ್ದ: ಮಟನ್ ಸಾರು, ಬೋಟಿ, ತಲೆಮಾಂಸ, ಕೈಮಾ ಉಂಡೆ, ಕಾಲು ಸೂಪು. ಕೊನೆಯದಾಗಿ, ದನಿ ತಗ್ಗಿಸದೆ, ‘ಖಾಲಿ ಸಾರು’ ಎನ್ನುತ್ತಿದ್ದ. ಖಾಲಿ ಸಾರು ಎಂದರೆ ಮಾಂಸದ ತುಂಡಿಲ್ಲದ ಸಾರು. ಮುದ್ದೆಗೆ ದುಡ್ಡು, ಸಾರಿಗೆ ಹೆಸರಿಗೆ ಮಾತ್ರ ಒಂದಿಷ್ಟು. ಎಷ್ಟು ಸಲ ಕೇಳಿದರೂ ಬಿಡುತ್ತಿದ್ದರು. ತುಂಡು ಇಲ್ಲದಿದ್ದರೇನು, ಮಾಂಸ ಬೆಂದ ನೀರು, ಹುರಿದ ಕೊತ್ತಂಬರಿ ಬೀಜ, ಕಾಯಿ, ಗಸಗಸೆ, ಚಕ್ಕೆ ಲವಂಗ ಎಲ್ಲವೂ ಅದರಲ್ಲಿ ಇಳಿದಿರುತ್ತಿದ್ದವು. ಆ ದಿನ ಕೂಲಿ ಸಿಗದವನೂ, ಕೂಲಿ ಸಿಕ್ಕಿ ಅದನ್ನು ಮನೆಗೆ ಒಯ್ಯಬೇಕಾದವನೂ ಖಾಲಿ ಸಾರು ಹೇಳಿ ಎರಡು ಮುದ್ದೆ ನುಂಗಿ ಏಳುತ್ತಿದ್ದರು. ಎಷ್ಟೋ ಸಲ ಸೌಟಿಗೆ ‘ತಪ್ಪಿ’ ಒಂದು ಎಲುಬಿನ ತುಂಡೂ ಬರುತ್ತಿತ್ತು. ಅದು ತಪ್ಪಿ ಬಂದದ್ದಲ್ಲ ಎಂಬುದು ಸೌಟು ಹಿಡಿದವನಿಗೂ ತಟ್ಟೆ ಇಟ್ಟುಕೊಂಡವನಿಗೂ ಗೊತ್ತಿತ್ತು.

ನಮ್ಮ ಮನೆಗಳಲ್ಲಿ ಈ ಸಾರಿಗೆ ಶೇರ್ವಾ ಎನ್ನುತ್ತೇವೆ. ಶೇರ್ವಾ ಮಾಡುವಾಗ ನೀರು ಸ್ವಲ್ಪ ಹೆಚ್ಚು ಸೇರಿಸು, ನೆರೆಯವರನ್ನು ನೆನೆ ಎಂಬ ಅರ್ಥದ ಉಪದೇಶವನ್ನು ಪ್ರವಾದಿ(ಸ)ಯವರು ತಮ್ಮ ಸಂಗಾತಿ ಅಬೂಝರ್ ಅವರಿಗೆ ಮಾಡಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ. ಮಾಂಸ ಹೆಚ್ಚು ಮಾಡು ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಬಡವರ ಮನೆಯಲ್ಲಿ ಮಾಂಸ ಹೆಚ್ಚಾಗುವುದಿಲ್ಲ. ನೀರು ಹೆಚ್ಚು ಮಾಡಬಹುದು. ತುಮಕೂರಿನ ಪಕ್ಕದ ಸಿದ್ಧಗಂಗೆಯಲ್ಲಿ, 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿಯವರ ಕಾಲದಿಂದ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಮುದ್ದೆ ಬಡಿಸಿದ ದಾಸೋಹವೂ ಇದೇ ಜಿಲ್ಲೆಯದು. ಹೋಟೆಲು ದಾಸೋಹವಲ್ಲ, ನಿಯಾಝ್‌ನ ಊಟವೂ ಅಲ್ಲ, ಅದು ವ್ಯಾಪಾರ. ನಮ್ಮ ಮಿಲಿಟರಿ ಹೋಟೆಲಿನವರು ಹದೀಸನ್ನು ಓದಿದವರಲ್ಲ, ದಾಸೋಹ ಮಾಡಲು ಕೂತವರೂ ಅಲ್ಲ. ಆದರೂ ವ್ಯಾಪಾರದ ಒಳಗೇ ಆ ನೀರಿಗೊಂದು ಜಾಗ ಇಟ್ಟಿದ್ದರು. ಮಟನ್ ಉಂಡ ವಕೀಲರ ಬಿಲ್ಲಿನಲ್ಲಿ ಹಮಾಲನ ಸಾರಿನ ಖರ್ಚೂ ಸೇರಿರುತ್ತಿತ್ತು. ವಕೀಲರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಖಾಲಿ ಸಾರಿನ ಲೆಕ್ಕ ಎಂದು ನಾವು ಕರೆಯುವುದು ಇದನ್ನೇ.

ಇನ್ನು ಹೊಸ ಶಾಖೆ. ಅದು ಇರುವುದು ಶಿರಾದ ಹೊರವಲಯದಲ್ಲಿ, ಬೆಂಗಳೂರು–ಪುಣೆ ಹೆದ್ದಾರಿಯ ಬದಿಯಲ್ಲಿ. ಕಾರು ನಿಲ್ಲಿಸಲು ವಿಶಾಲವಾದ ಜಾಗ, ಗಾಜಿನ ಬಾಗಿಲು, ಗೋಡೆಯ ಮೇಲೆ ಮಧುಗಿರಿ ಬೆಟ್ಟದ ದೊಡ್ಡ ಚಿತ್ರ, ಒಂದು ಮೂಲೆಯಲ್ಲಿ ಯಾರೂ ರುಬ್ಬದ ಒಂದು ಒರಳುಕಲ್ಲು. ಹಳೆಯ ಹೋಟೆಲಿನ ಕಪ್ಪು ಬಿಳುಪು ಫೋಟೊ ಒಂದನ್ನು ಚೌಕಟ್ಟು ಹಾಕಿಸಿ ತೂಗಿದ್ದಾರೆ. ಫೋಟೊದಲ್ಲಿ ಬೆಂಚು ಇದೆ. ಶಾಖೆಯಲ್ಲಿ ಬೆಂಚಿಲ್ಲ, ನಾಲ್ವರಿಗೊಂದು ಮೇಜು.

ಊಟದ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಮುದ್ದೆ ಚೆನ್ನಾಗಿತ್ತು. ಗಂಟಿಲ್ಲದೆ, ಅಂಟದೆ, ಬೆರಳಿಗೆ ತಕ್ಕಂತೆ ಮುರಿಯುತ್ತಿತ್ತು. ಮಸಾಲೆಯನ್ನು ಮೂಲ ಹೋಟೆಲಿನಲ್ಲೇ ರುಬ್ಬಿ ನಸುಕಿನಲ್ಲಿ ವ್ಯಾನಿನಲ್ಲಿ ಕಳಿಸುತ್ತಾರಂತೆ. ಅದು ಸುಳ್ಳಲ್ಲ ಎಂದು ಮೊದಲ ತುತ್ತೇ ಹೇಳಿತು. ಬೋಟಿಯನ್ನು ಹಳೆಯ ಕಡೆಗಿಂತ ಶುಭ್ರವಾಗಿ ತೊಳೆದಿದ್ದರು. ಕೈಮಾ ಉಂಡೆ ಒಡೆಯದೆ ಬೆಂದಿತ್ತು. ಸಾರಿನಲ್ಲಿ ಮಾತ್ರ ಸಣ್ಣ ವ್ಯತ್ಯಾಸ ಇತ್ತು. ಹಳೆಯ ಹೋಟೆಲಿನಲ್ಲಿ ಎಲುಬು, ಕೊಬ್ಬು, ಮಾಂಸ ಎಲ್ಲ ಒಂದೇ ಹಂಡೆಯಲ್ಲಿ ಬೆಳಗಿನಿಂದ ಕುದ್ದು, ಮಧ್ಯಾಹ್ನ ಎರಡರ ಹೊತ್ತಿಗೆ ಒಂದು ಹದಕ್ಕೆ ಬರುತ್ತಿತ್ತು. ಇಲ್ಲಿ ಮಾಂಸವನ್ನು ಬೇರೆ ಬೇಯಿಸಿ, ತೂಕ ನೋಡಿ ಬಟ್ಟಲಿಗೆ ಹಾಕಿ, ಮೇಲೆ ಸಾರು ಸುರಿಯುತ್ತಾರೆ. ಪ್ರತಿ ಬಟ್ಟಲೂ ಒಂದೇ ಥರ. ಅದು ಒಂದು ಗುಣವೇ. ಮಧ್ಯಾಹ್ನ ಹನ್ನೆರಡಕ್ಕೆ ಹೋದವನಿಗೂ ಮೂರಕ್ಕೆ ಹೋದವನಿಗೂ ಒಂದೇ ರುಚಿ ಸಿಗುತ್ತದೆ. ದಖ್ನಿಯಲ್ಲಿ ‘ಹಾಥ್ ಕಾ ಮಜಾ’ ಎನ್ನುವುದು, ಕನ್ನಡದಲ್ಲಿ ಕೈರುಚಿ ಎನ್ನುವುದು ಏನಿದೆಯೋ ಅದು ಮುಕ್ಕಾಲು ಪಾಲು ಶಾಖೆಗೂ ಬಂದಿದೆ. ರುಚಿಯ ವಿಷಯದಲ್ಲಿ ಈ ಶಾಖೆಯ ಮೇಲೆ ದೂರಿಲ್ಲ.

ಎರಡನೆಯ ಮುದ್ದೆಗೆ ಸಾರು ಕೇಳಿದೆವು. ಸಪ್ಲೈಯರ್ ಹುಡುಗ ವಿನಯದಿಂದಲೇ, ‘ಎಕ್ಸ್‌ಟ್ರಾ ಬೌಲ್ ಆಗುತ್ತೆ ಸಾರ್, ಬಿಲ್ ಹಾಕ್ಲಾ?’ ಎಂದ. ಪಟ್ಟಿಯನ್ನು ತಿರುವಿ ನೋಡಿದೆವು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚಾದ, ಪ್ಲಾಸ್ಟಿಕ್ ಹೊದಿಸಿದ ಪಟ್ಟಿ. ಹಳೆಯ ಹೋಟೆಲಿನ ಎಲ್ಲ ಹೆಸರುಗಳೂ ಅದರಲ್ಲಿದ್ದವು. ಅವುಗಳ ಜೊತೆಗೆ ಚಿಲ್ಲಿ ಚಿಕನ್, ಗೋಬಿ ಮಂಚೂರಿ, ಫ್ರೈಡ್ ರೈಸ್ ಕೂಡ ಇದ್ದವು. ಖಾಲಿ ಸಾರು ಇರಲಿಲ್ಲ.

ಇದನ್ನು ಮೇನೇಜರ್ ಸ್ಥಾನದಲ್ಲಿದ್ದ ತರುಣನಲ್ಲಿ ಕೇಳಿದಾಗ ಆತ ಕೊಟ್ಟ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಹಳೆಯ ಹೋಟೆಲಿನ ಕಟ್ಟಡ ಸ್ವಂತದ್ದು. ಇಲ್ಲಿ ತಿಂಗಳ ಬಾಡಿಗೆ, ಬ್ಯಾಂಕಿನ ಸಾಲದ ಕಂತು, ಜನರೇಟರ್, ಹೊರರಾಜ್ಯದಿಂದ ಬಂದ ಹುಡುಗರಿಗೆ ಸಂಬಳದ ಜೊತೆಗೆ ರೂಮು, ಊಟ. ‘ಖಾಲಿ ಸಾರು ಇಟ್ರೆ ಒಂದು ಟೇಬಲ್ ಮುಕ್ಕಾಲು ಗಂಟೆ ಹೋಗುತ್ತೆ ಸಾರ್. ಕಾರಿನೋರು ಜಾಗ ಇಲ್ಲ ಅಂತ ಮುಂದಕ್ಕೆ ಹೋಗ್ತಾರೆ’ ಎಂದ. ಜಾಗಕ್ಕೆ ಬೆಲೆ ಬಂದಾಗ ಆ ಜಾಗದಲ್ಲಿ ಕೂರುವ ಮನುಷ್ಯನಿಗೂ ಬೆಲೆ ಕಟ್ಟಬೇಕಾಗುತ್ತದೆ. ತರುಣ ಕೆಟ್ಟವನಲ್ಲ, ಅವನ ಲೆಕ್ಕವೂ ತಪ್ಪಿಲ್ಲ.

ಹೋಟೆಲಿನವರ ಕಷ್ಟಕ್ಕೆ ಒಂದು ದೊಡ್ಡ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., 1924ರಲ್ಲಿ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಹೆಸರಿನಲ್ಲಿ ಆರಂಭವಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಯನ್ನು ಬಲವಂತವಾಗಿ ಇಳಿಸಿದಾಗ, ಆ ಬೆಲೆಗೆ ಗುಣಮಟ್ಟ ಉಳಿಸಲಾಗದೆಂದು ಹೋಟೆಲು ಬಾಗಿಲು ಹಾಕಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಹಿಟ್ಟು, ಪುಡಿಗಳ ಪೊಟ್ಟಣ ಮಾರುವ ದಾರಿ ಹಿಡಿಯಿತು. ಆ ಪೊಟ್ಟಣಗಳು ದೇಶವನ್ನೆಲ್ಲ ಸುತ್ತಿದವು. ಹೋಟೆಲಿನ ಶಾಖೆ 2013ರಲ್ಲಿ ಸಿಂಗಪುರಕ್ಕೂ ಹೋಯಿತು. ಹುಕುಮಿನಿಂದ ಊಟ ಅಗ್ಗವಾದರೆ ಹೋಟೆಲು ಉಳಿಯುವುದಿಲ್ಲ ಎಂಬುದು ಈ ಕಥೆಯ ಒಂದು ಪಾಠ. ತಮಿಳುನಾಡಿನ ದಿಂಡಿಗಲ್‌ನಲ್ಲಿ 1957ರಲ್ಲಿ ಆರಂಭವಾದ ತಲಪ್ಪಾಕಟ್ಟಿ ಬಿರಿಯಾನಿಯೂ ಸಣ್ಣ ಊರಿನ ಮಾಂಸದ ಹೋಟೆಲೇ. ಮಾಲೀಕರ ತಲೆಯ ಮುಂಡಾಸೇ ಹೋಟೆಲಿನ ಹೆಸರಾಗಿ, ಈಗ ಅದು ಹಲವು ನಗರಗಳಲ್ಲಿ ಶಾಖೆಗಳಿರುವ ಕಂಪನಿ. ಪುಡಿ, ಅಕ್ಕಿ, ಹೆಸರು ಇವನ್ನೆಲ್ಲ ಸಾಗಿಸಬಹುದು. ಯಾರಿಗೆ ಎಷ್ಟು ಬಡಿಸಬೇಕೆಂದು ಮುಖ ನೋಡಿ ತಿಳಿಯುವ ಸೌಟನ್ನು ಸಾಗಿಸುವುದು ಕಷ್ಟ.

ಶಾಖೆ ಶಿರಾದಲ್ಲಿರುವುದರಿಂದ ಇನ್ನೊಂದು ನೆನಪು. ಈ ಊರಿಗೆ ಶಾಖೆಗಳ ಕಥೆ ಹೊಸದಲ್ಲ. 1687ರಿಂದ 1757ರವರೆಗೆ ಶಿರಾ ಮೊಗಲರ ಒಂದು ಸುಭಾದ ರಾಜಧಾನಿಯಾಗಿತ್ತು. ಸುಭೇದಾರ ದಿಲಾವರ್ ಖಾನನ ಕಾಲದಲ್ಲಿ ಊರು ಬಹಳ ಬೆಳೆದಿತ್ತು. ಅವನ ಅರಮನೆಯ ಮಾದರಿಯಲ್ಲೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳು ಎದ್ದವೆಂದೂ, ಇಲ್ಲಿನ ಖಾನ್‌ಬಾಗ್ ತೋಟವೇ ಲಾಲ್‌ಬಾಗ್‌ಗೆ ಪ್ರೇರಣೆಯಾಗಿರಬಹುದೆಂದೂ ರೈಸ್ ಅವರ ಗೆಝೆಟಿಯರ್ ಹೇಳುತ್ತದೆ. ಶ್ರೀರಂಗಪಟ್ಟಣದ ಪಕ್ಕ ಶಹರ್ ಗಂಜಾಂ ಕಟ್ಟಿಸುವಾಗ ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಅಲ್ಲಿಗೆ ಸಾಗಿಸಿದ ಎಂಬ ದಾಖಲೆಯೂ ಅದರಲ್ಲೇ ಇದೆ. ಅರಮನೆಯ ನಕ್ಷೆ ಹೋಯಿತು, ತೋಟದ ಕಲ್ಪನೆ ಹೋಯಿತು, ಕೊನೆಗೆ ಜನರೂ ಹೋದರು. ಇಂದು ಲಾಲ್‌ಬಾಗ್‌ಗೆ ಹೋಗುವವರಲ್ಲಿ ಎಷ್ಟು ಮಂದಿ ಶಿರಾವನ್ನು ನೆನೆಯುತ್ತಾರೆ? 1696ರ ಜಾಮಿಯಾ ಮಸೀದಿಯೂ ಮಲಿಕ್ ರೆಹಾನ್ ದರ್ಗಾವೂ ಹಳೆಯ ಕಾಲದ ಗುರುತಾಗಿ ಊರೊಳಗೆ ಉಳಿದಿವೆ. ಶಾಖೆ ಬೆಳೆದಂತೆ ಬೇರು ಒಣಗಬಹುದು ಎಂಬುದಕ್ಕೆ ಶಿರಾದವರು ದೂರ ಹೋಗಿ ಉದಾಹರಣೆ ಹುಡುಕಬೇಕಿಲ್ಲ. ಹೊಸ ಶಾಖೆ ಚೆನ್ನಾಗಿ ನಡೆದರೆ ಹಳೆಯ ಹೋಟೆಲಿನಲ್ಲೂ ಬೆಂಚು ತೆಗೆದು ಮೇಜು ಹಾಕುವ ಯೋಚನೆ ಇದೆ ಎಂದು ಕೇಳಿದಾಗ ನಮಗೆ ಗಂಜಾಮಿನ ಕಥೆ ನೆನಪಾಯಿತು.

ಈಗ ಇನ್ನೊಂದು ಸಂಗತಿ. ನಮ್ಮ ಜೊತೆಗಿದ್ದ ಗೆಳೆಯರಿಗೆ ಗಡ್ಡವಿದೆ, ತಲೆಯ ಮೇಲೆ ಟೋಪಿಯಿದೆ. ನಾವು ಕೂತು ಇನ್ನೂ ನೀರು ಕುಡಿಯುವ ಮೊದಲೇ ಹುಡುಗ ಬಗ್ಗಿ, ‘ಹಲಾಲೇ ಸಾರ್, ಚಿಂತೆ ಬೇಡ’ ಎಂದ. ನಮಗೆ ಸಮಾಧಾನವಾಯಿತು ಎಂಬುದು ನಿಜ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಮೇಜಿಗೆ ಹಣೆಯಲ್ಲಿ ಕುಂಕುಮವಿಟ್ಟ ಒಂದು ಗುಂಪು ಬಂತು. ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೋಗಿಬಂದ ಯಜಮಾನರನ್ನು ಮನೆಯಲ್ಲಿ ಬಿಟ್ಟು ಬಂದ ಹುಡುಗರೆಂದು ಅವರ ಮಾತಿನಿಂದ ತಿಳಿಯಿತು. ಅವರಲ್ಲೊಬ್ಬ ಮಾಂಸ ಎಲ್ಲಿಯದು ಎಂದು ಕೇಳಿದ. ಅದೇ ಹುಡುಗ, ಅದೇ ವಿನಯದಿಂದ, ‘ನಮ್ಮೋರ ಅಂಗಡಿದೇ ಸಾರ್’ ಎಂದ. ಎರಡು ಮೇಜಿಗೂ ಒಂದೇ ಅಡುಗೆಮನೆಯಿಂದ, ಒಂದೇ ಪಾತ್ರೆಯಿಂದ ಸಾರು ಬಂತು.

ಹುಡುಗನನ್ನು ಸುಳ್ಳುಗಾರ ಎಂದು ಬೈಯುವುದು ಸುಲಭ. ಆದರೆ ಅವನಿಗೆ ಈ ಮುಖ ಓದುವ ವಿದ್ಯೆ ಕಲಿಸಿದವರು ಯಾರು? 2022ರ ಯುಗಾದಿಯ ಹೊತ್ತಿಗೆ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ನಮ್ಮ ರಾಜ್ಯದಲ್ಲಿ ಎದ್ದದ್ದು ಯಾರಿಗೂ ಮರೆತಿಲ್ಲ. 2024ರ ಜುಲೈಯಲ್ಲಿ ಉತ್ತರಪ್ರದೇಶದ ಕಾವಡ್ ಯಾತ್ರೆಯ ದಾರಿಯಲ್ಲಿ ಹೋಟೆಲಿನವರು ತಮ್ಮ ಹೆಸರು ಬರೆದು ತೂಗುಹಾಕಬೇಕೆಂಬ ಆದೇಶ ಹೊರಟಿತು. ಜುಲೈ 22ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಯಾವ ಮಾಂಸ ಹಲಾಲ್ ಎಂದು ವಿಚಾರಿಸುವುದು ಮುಸ್ಲಿಮರ ಧಾರ್ಮಿಕ ಕರ್ತವ್ಯ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಬೇರೆಯವರಿಗೂ ತಮ್ಮ ಆಚಾರದಂತೆ ಉಣ್ಣುವ ಹಕ್ಕಿದೆ. ಆದರೆ ಊರೊಳಗಿನ ಹೋಟೆಲಿನಲ್ಲಿ ಆ ಪ್ರಶ್ನೆ ಬಾಯಿಗೇ ಬರುತ್ತಿರಲಿಲ್ಲ. ಮಾಂಸ ಕೊಡುವ ಕಸಾಯಿ ಯಾರು, ಅವನ ಅಂಗಡಿ ಎಲ್ಲಿ, ಅವನ ತಂದೆ ಯಾರು ಎಂಬುದು ಸಾಬರಿಗೂ ಗೌಡರಿಗೂ ಗೊತ್ತಿತ್ತು. ಹೋಟೆಲಿನ ಮಾಲೀಕರು ಹಿಂದೂ, ಕುರಿ ಸಾಕಿದವರು ಗೊಲ್ಲರೋ ಕುರುಬರೋ, ಕೊಯ್ದವರು ಮುಸ್ಲಿಮರು, ಉಂಡವರು ಎಲ್ಲರೂ. ಆ ಪರಿಚಯ ಇದ್ದ ಕಡೆ ಬೋರ್ಡು ಬೇಕಿರಲಿಲ್ಲ. ಹೆದ್ದಾರಿಯಲ್ಲಿ ಎಲ್ಲರೂ ಅಪರಿಚಿತರು. ಅಲ್ಲಿ ಎರಡು ನಾಲಿಗೆಯಲ್ಲಿ ಮಾತಾಡುವುದಕ್ಕಿಂತ ಇರುವುದನ್ನು ಇರುವಂತೆ ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳುವುದು ಮೇಲು. ಕೇಳಿದವರು ಇಷ್ಟವಿದ್ದರೆ ಉಣ್ಣಲಿ, ಇಲ್ಲವಾದರೆ ಮುಂದಕ್ಕೆ ಹೋಗಲಿ. ಇದರಿಂದ ಗಿರಾಕಿ ಕಡಿಮೆಯಾಗಬಹುದು ಎಂಬ ಭಯ ಮಾಲೀಕರಿಗಿದೆ, ಆ ಭಯ ಸುಳ್ಳಲ್ಲ. ಆದರೆ ಊರಿನ ಹೆಸರನ್ನು ಬಾಗಿಲ ಮೇಲೆ ಬರೆದ ಮೇಲೆ ಊರಿನ ನೇರ ಮಾತನ್ನೂ ಜೊತೆಗೆ ತರಬೇಕಾಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಹಿತ್ತಾಳೆ ಎಂದಂತಾಗುತ್ತದೆ. ಅದು ನಿಜವಲ್ಲ. ಹಳೆಯ ಹೋಟೆಲಿನ ಬೆಂಚಿನ ಮೇಲೆ ‘ಎಲ್ಲರೂ’ ಕೂರುತ್ತಿದ್ದರು ಎಂದು ಮೇಲೆ ಬರೆದೆವು. ಆ ಎಲ್ಲರಲ್ಲಿ ಹೆಂಗಸರಿರಲಿಲ್ಲ. ಎ.ಸಿ. ಕಚೇರಿಗೆ ಗಂಡನ ಪಾಲಿನ ಜಮೀನಿಗಾಗಿ ಅಲೆಯುತ್ತಿದ್ದ ವಿಧವೆಯರನ್ನು ನಾವು ಬಲ್ಲೆವು. ಅವರು ಹೋಟೆಲಿನ ಮೆಟ್ಟಿಲ ಹತ್ತಿರ ನಿಂತು ಪಾರ್ಸಲ್ ಕಟ್ಟಿಸಿಕೊಂಡು, ಕಚೇರಿಯ ಹುಣಸೆಮರದ ಕೆಳಗೆ ಕೂತು ಉಣ್ಣುತ್ತಿದ್ದರು. ನಮ್ಮ ತಾಯಂದಿರು, ಅಕ್ಕಂದಿರು ಆ ಹೋಟೆಲಿನ ಸಾರನ್ನು ಮೆಚ್ಚಿದ್ದು ತೂಕುಪಾತ್ರೆಯಲ್ಲಿ ಮನೆಗೆ ಬಂದಾಗ. ಹಂಡೆಯನ್ನು ಅವರು ಎಂದೂ ಕಂಡವರಲ್ಲ.

ದಲಿತರ ವಿಷಯ ಇನ್ನೂ ಕಠಿಣ. ಸಂವಿಧಾನದ 15ನೆಯ ವಿಧಿ ಸಾರ್ವಜನಿಕ ಹೋಟೆಲು, ಊಟದ ಮನೆಗಳಿಗೆ ಹೋಗಲು ಜಾತಿ ಮತಗಳ ಕಾರಣಕ್ಕೆ ಯಾರಿಗೂ ಅಡ್ಡಿಮಾಡಬಾರದು ಎಂದು 1950ರಲ್ಲೇ ಹೇಳಿತು. 1955ರಲ್ಲಿ ಅಸ್ಪೃಶ್ಯತೆಯನ್ನು ಅಪರಾಧವೆಂದು ಶಿಕ್ಷಿಸುವ ಕಾನೂನೂ ಬಂತು. ಆ ಮೇಲೂ ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲಿ ಬೇರೆ ಲೋಟ ಇಡುವ ಪದ್ಧತಿ ಎಷ್ಟು ಕಾಲ ನಡೆಯಿತು ಎಂಬುದನ್ನು ಹಳಬರು ಬಲ್ಲರು. ಒಂದು ಕಾಲದ ಬೋರ್ಡುಗಳನ್ನೇ ನೋಡಿ: ‘ಬ್ರಾಹ್ಮಣರ ಕಾಫಿ ಕ್ಲಬ್’, ‘ಹಿಂದೂ ಮಿಲಿಟರಿ ಹೋಟೆಲ್’. ಬೋರ್ಡಿನ ಮೂಲಕ ಜನರನ್ನು ಬೇರ್ಪಡಿಸುವ ಚಾಳಿ ಹೆದ್ದಾರಿಯಲ್ಲಿ ಹುಟ್ಟಿದ್ದಲ್ಲ. ಮುಸ್ಲಿಮರ ಹೋಟೆಲುಗಳೂ ಈ ಪರೀಕ್ಷೆಯಿಂದ ಹೊರಗಿಲ್ಲ. ದಸ್ತರ್‌ಖಾನಿನ ಮುಂದೆ ಎಲ್ಲರೂ ಸಮಾನರೆಂದು ನಾವು ಹೇಳುತ್ತೇವೆ. ನಮ್ಮ ಬಿರಿಯಾನಿ ಹೋಟೆಲುಗಳಲ್ಲಿ ಪೌರಕಾರ್ಮಿಕರು ಯಾವ ಮೇಜಿನಲ್ಲಿ ಕೂರುತ್ತಾರೆ, ಕೂರುತ್ತಾರೆಯೇ ಎಂಬುದನ್ನು ಒಂದು ದಿನ ಕಣ್ಣುಬಿಟ್ಟು ನೋಡಬೇಕು.

ಈ ವಿಷಯದಲ್ಲಿ ಹೊಸ ಶಾಖೆಗೆ ನಿಜವಾದ ಮೆಚ್ಚುಗೆ ಸಲ್ಲಬೇಕು. ನಾವು ಹೋದ ದಿನ ಒಂದು ಮೇಜಿನಲ್ಲಿ ಬುರ್ಖಾ ತೊಟ್ಟ ಇಬ್ಬರು ಹೆಣ್ಣುಮಕ್ಕಳು ಮಕ್ಕಳೊಂದಿಗೆ ಕೂತು ತಲೆಮಾಂಸ ತಿನ್ನುತ್ತಿದ್ದರು. ಇನ್ನೊಂದರಲ್ಲಿ ಕಾಲೇಜಿನ ನಾಲ್ವರು ಹುಡುಗಿಯರು, ಯಾವ ಗಂಡಸಿನ ಕಾವಲೂ ಇಲ್ಲದೆ, ನಗುತ್ತ ಮುದ್ದೆ ಮುರಿಯುತ್ತಿದ್ದರು. ಹೆಂಗಸರಿಗೆ ಶುಚಿಯಾದ ಶೌಚಾಲಯವಿದೆ. ದೂರ ಪ್ರಯಾಣ ಮಾಡುವ ಹೆಂಗಸರಿಗೆ ಇದೆಷ್ಟು ದೊಡ್ಡ ಸಂಗತಿ ಎಂಬುದು ಗಂಡಸರಿಗೆ ಬೇಗ ಅರ್ಥವಾಗುವುದಿಲ್ಲ. ದುಡ್ಡು ಕೊಟ್ಟವರ ಜಾತಿಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಹಳೆಯ ಬೆಂಚು ಬಡವನನ್ನು ಒಳಕ್ಕೆ ಕರೆದು ಹೆಂಗಸನ್ನು ಹೊರಗೆ ನಿಲ್ಲಿಸಿತ್ತು. ಹೊಸ ಮೇಜು ಹೆಂಗಸನ್ನು ಒಳಕ್ಕೆ ಕರೆದು ಬಡವನನ್ನು ಹೊರಗೆ ನಿಲ್ಲಿಸಿದೆ. ಬಡ ಹೆಂಗಸಿನ ಜಾಗ ಎರಡೂ ಕಡೆ ಹುಣಸೆಮರದ ಕೆಳಗೇ ಇದೆ.

ಬಡವರ ಊಟವನ್ನು ಈಗ ಸರ್ಕಾರ ನೋಡಿಕೊಳ್ಳುತ್ತದಲ್ಲ ಎಂದು ಕೆಲವರು ಹೇಳಬಹುದು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಹೊರಟು, ಆ ಮೇಲೆ ಜಿಲ್ಲೆಗಳಿಗೂ ಬಂತು. ಅದು ಒಳ್ಳೆಯ ಕೆಲಸ, ಹಸಿದವರಿಗೆ ಅದರ ಬೆಲೆ ಗೊತ್ತು. ಆದರೆ ಅಲ್ಲಿಗೆ ವಕೀಲರು ಹೋಗುವುದಿಲ್ಲ. ಅಗ್ಗದ ಊಟ ಒಂದು ಕಡೆ, ರುಚಿಯಾದ ಊಟ ಇನ್ನೊಂದು ಕಡೆ ಎಂದು ಊರು ಎರಡಾಗಿ ಉಣ್ಣತೊಡಗಿದರೆ, ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡಾದರೂ ಪಕ್ಕಪಕ್ಕ ಕೂರುವ ಬೆಂಚು ಎಲ್ಲೂ ಉಳಿಯುವುದಿಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ತಿನ ಪಾರ್ಕು ಬಂದಾಗ ರೈತರು ಜಮೀನು ಮಾರಲಿಲ್ಲ, ವರ್ಷಕ್ಕೆ ಎಕರೆಗಿಷ್ಟು ಎಂದು ಬಾಡಿಗೆಗೆ ಕೊಟ್ಟರು. ಜಮೀನಿದ್ದವರಿಗೆ ಬಾಡಿಗೆ ಬರುತ್ತಿದೆ. ಆ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರಿಗೆ ಬಾಡಿಗೆ ಇಲ್ಲ. ಹೊಸ ಏರ್ಪಾಡುಗಳಲ್ಲಿ ಯಾರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ ಎಂದು ನೋಡಿದರೆ, ಅದೇ ಕೂಲಿಯವನು ಅಲ್ಲೂ ಕಾಣುತ್ತಾನೆ, ಇಲ್ಲೂ ಕಾಣುತ್ತಾನೆ.

ಹಾಗಾದರೆ ಶಾಖೆ ತೆರೆಯಲೇಬಾರದೆ? ಹಾಗೆ ಹೇಳಲು ನಮಗೆ ಯಾವ ಹಕ್ಕೂ ಇಲ್ಲ. ಒಂದು ಬರಗಾಲದ ಸೀಮೆಯ ಊಟ ಹೆದ್ದಾರಿಗೆ ಬಂದು ಕೂತು, ಪುಣೆಗೆ ಹೋಗುವವರೂ ಮುದ್ದೆ ಮುರಿಯುವುದನ್ನು ಕಲಿಯುತ್ತಿದ್ದರೆ ಅದು ಸಂತೋಷದ ವಿಷಯವೇ. ಹೋಟೆಲಿನ ಕುಟುಂಬದ ಮೂರನೆಯ ತಲೆಮಾರು ಊರು ಬಿಟ್ಟು ಹೋಗದೆ ಇದೇ ಕಸುಬಿನಲ್ಲಿ ನಿಂತಿದೆ, ಅದೂ ಸಣ್ಣ ಮಾತಲ್ಲ. ನಾವು ಕೇಳುವುದು ಇಷ್ಟೇ. ಊರಿನ ಹೆಸರಿಟ್ಟುಕೊಂಡ ಶಾಖೆಯನ್ನು ಅಳೆಯುವಾಗ ಅಲ್ಲಿನ ಅತ್ಯುತ್ತಮ ಖಾದ್ಯವನ್ನು ತಿಂದು ಎದ್ದುಬಂದರೆ ಸಾಲದು. ಅಲ್ಲಿನ ಅತಿ ಅಗ್ಗದ ಊಟ ಯಾವುದು, ಅದನ್ನು ಕೇಳಿದವನಿಗೆ ಕೂರಲು ಎಲ್ಲಿ ಜಾಗ ಕೊಡುತ್ತಾರೆ ಎಂದೂ ನೋಡಬೇಕು. ಆ ಅಳತೆಯಲ್ಲಿ ಈ ಶಾಖೆ ರುಚಿಗೆ ಪೂರ್ತಿ ಅಂಕ ಪಡೆಯುತ್ತದೆ, ಹೆಂಗಸರಿಗೆ ಕೊಟ್ಟ ಮರ್ಯಾದೆಗೆ ಮೂಲ ಹೋಟೆಲಿಗಿಂತ ಹೆಚ್ಚು ಅಂಕ ಪಡೆಯುತ್ತದೆ, ಮೂರನೆಯದರಲ್ಲಿ ಉತ್ತರಪತ್ರಿಕೆಯನ್ನೇ ಖಾಲಿ ಬಿಟ್ಟಿದೆ.

ದಾರಿ ಇಲ್ಲದಿಲ್ಲ. ಹೆದ್ದಾರಿಯಲ್ಲಿ ಕಾರುಗಳು ಹೆಚ್ಚು ನಿಲ್ಲುವುದು ಒಂದರಿಂದ ಮೂರರವರೆಗೆ. ಹನ್ನೆರಡಕ್ಕೆ ಮೊದಲು, ಮೂರರ ನಂತರ ಮೇಜುಗಳು ಖಾಲಿ ಇರುತ್ತವೆ. ಹಂಡೆಯಲ್ಲಿ ಸಾರು ಇರುತ್ತದೆ. ಆ ಹೊತ್ತಿನಲ್ಲಾದರೂ ಮುದ್ದೆ, ಖಾಲಿ ಸಾರು ಎಂದು ಬರೆಯಬಹುದು. ಹಳೆಯ ಫೋಟೊದ ಕೆಳಗೆ, ಯಾರೂ ರುಬ್ಬದ ಆ ಒರಳುಕಲ್ಲನ್ನು ತೆಗೆದು, ಒಂದು ಬೆಂಚು ಹಾಕಬಹುದು. ಆ ಬೆಂಚಿನ ಮೇಲೆ ಲಾರಿ ಕ್ಲೀನರೂ, ಹೆದ್ದಾರಿ ಗುಡಿಸುವ ಹೆಂಗಸೂ, ಶಿರಾದ ಸಂತೆಯಿಂದ ಕುರಿ ಮಾರದೆ ವಾಪಸು ಹೊರಟವನೂ ಕೂರಲಿ. ಮಾಲೀಕರ ಲೆಕ್ಕಪುಸ್ತಕದಲ್ಲಿ ಅದರಿಂದ ಆಗುವ ನಷ್ಟ ದಿನಕ್ಕೆ ಕೆಲವು ಬಟ್ಟಲು ಸಾರು, ಒಂದಿಷ್ಟು ನೀರು. ನಮ್ಮ ಬಿಲ್ಲಿಗೆ ಐದು ರೂಪಾಯಿ ಹೆಚ್ಚು ಹಾಕಿ ಅದನ್ನು ಸರಿದೂಗಿಸಿದರೂ ನಾವು ಕೇಳುವವರಲ್ಲ. ಪಟ್ಟಿಯನ್ನು ಮುಂದಿನ ಸಲ ಅಚ್ಚು ಹಾಕಿಸುವಾಗ ಫ್ರೈಡ್ ರೈಸಿನ ಕೆಳಗೆ ಒಂದು ಸಾಲಿಗೆ ಜಾಗವಿದೆ, ನಾವು ನೋಡಿಕೊಂಡೇ ಬಂದಿದ್ದೇವೆ.